ನ್ಯಾಯಖಾತೆಯ ಒಡೆಯನಾರು?

ನ್ಯಾಯಖಾತೆಯ ಹಿರಿಯ ಅಧಿಕಾರಿಯು ತನ್ನನ್ನು ನೇಮಿಸಿದವನ ಸೇವಕನೋ, ಕಾಯದೆಯ ಸೇವಕನೋ? 1973ನೆಯ ಅಕ್ಟೋಬರ 20ರಂದು ಅಮೇರಿಕೆಯಲ್ಲಿ ಇದರ ಪರೀಕ್ಷೆಯಾಯಿತು. ವಾಟರ್‌ಗೇಟ್ ಪ್ರಕರಣದಲ್ಲಿ ಅಧ್ಯಕ್ಷಭವನದ ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು ಪಟ್ಟುಹಿಡಿದ ವಿಶೇಷ ಸರಕಾರಿ ವಕೀಲ ಕಾಕ್ಸ್‌ರನ್ನು ತೆಗೆದುಹಾಕಬೇಕೆಂದು ಅಧ್ಯಕ್ಷ ನಿಕ್ಸನ್ನರು ಆಜ್ಞಾಪಿಸಿದರು. ಗುರುತರ ದೋಷವಿಲ್ಲದೆ ಅವರನ್ನು ತೆಗೆಯುವದಿಲ್ಲವೆಂದು ಸೆನೇಟಿಗೆ ವಚನವಿತ್ತಿದ್ದ ಅಟಾರ್ನಿ ಜನರಲ್ ರಿಚರ್ಡ್ಸನ್ನರು ರಾಜೀನಾಮೆಯಿತ್ತರು. ಅವರ ಕೆಳಗಿನ ಉಪ ಅಟಾರ್ನಿ ಜನರಲ್ ರಕಲ್ಸ್‌ಹೌಸರೂ ಒಪ್ಪದೆ ಪದವಿಯನ್ನು ಕಳೆದುಕೊಂಡರು. ಮೂರನೆಯವರಾದ ಸಾಲಿಸಿಟರ್ ಜನರಲ್ ಬೋರ್ಕರು ಆಜ್ಞೆಯನ್ನು ನಡೆಯಿಸಿದರು. ಮುಂದಿನ ತಿಂಗಳೇ ಜಿಲ್ಲಾ ನ್ಯಾಯಾಲಯವು ಆ ಕೃತ್ಯವನ್ನು ಕಾಯದೆಬಾಹಿರವೆಂದಿತು; 1974ರ ಆಗಸ್ಟದಲ್ಲಿ ನಿಕ್ಸನ್ನರೇ ಪದತ್ಯಾಗಮಾಡಿದರು.

ಆಜ್ಞೆಯನ್ನು ಮೀರಿದರೆ ರಾಜ್ಯವು ನಡೆಯುವದೆಂತು ಎಂದು ಕೆಲವರು ಕೇಳಬಹುದು. ಅವರಿಬ್ಬರೂ ಪದವಿಯಲ್ಲಿ ಕುಳಿತು ಆಜ್ಞೆಯನ್ನು ಮೀರಲಿಲ್ಲ, ಪದವಿಯನ್ನೇ ಬಿಟ್ಟುಕೊಟ್ಟರು. ನ್ಯಾಯಖಾತೆಯಲ್ಲಿ ಕುಳಿತವನು ಆಜ್ಞೆಗೆ ಸಹಿಮಾಡುವ ಲೇಖಣಿಯಿಂದಲೇ ರಾಜೀನಾಮೆಯನ್ನು ಬರೆಯುವ ಧೈರ್ಯವುಳ್ಳವನಾಗಿರತಕ್ಕದ್ದು.