ದಾಂಧಲೆಗೆ ಯಾರ ಹೆಸರು?

ಹದ್ದುಮೀರಿದ ವರ್ತನೆಯನ್ನು ಹೇಳಲು ಕನ್ನಡದಲ್ಲಿ ಮಾತಿನ ಕೊರತೆಯಿಲ್ಲ. ಲಂಗುಲಗಾಮಿಲ್ಲದ ನಡತೆ, ಮೂಗುದಾರ ಕಳಚಿದ ಎತ್ತು, ಹೆಂಡ ಕುಡಿದ ಮಂಗ, ಪುಂಡಾಟ, ಹುಚ್ಚಾಟ. ಇಲ್ಲೆಲ್ಲ ಬೈಸಿಕೊಳ್ಳುವುದು ಕೃತ್ಯ, ಜನಾಂಗವಲ್ಲ. ಇಂಗ್ಲಿಷಿನಲ್ಲಿಯೂ ಇಂತಹ ಮಾತುಗಳಿವೆ. ಆದರೆ ಅಲ್ಲಿ ಇನ್ನೊಂದು ಬಗೆಯ ಪದಗಳ ದೊಡ್ಡ ರಾಶಿಯೇ ಇದೆ. 'ವ್ಯಾಂಡಲಿಸಂ', 'ಹೂಲಿಗನ್', 'ರನ್ ಅಮೋಕ್' ಮುಂತಾದ ಪದಗಳನ್ನು ಸ್ವಲ್ಪ ಕೆದಕಿದರೆ ಸಾಕು, ಅಡಿಯಲ್ಲಿ ಯಾವುದಾದರೊಂದು ಜನಸಮುದಾಯ ಕಾಣಸಿಗುತ್ತದೆ.

ವ್ಯಾಂಡಲರು 455ರಲ್ಲಿ ರೋಮ್ ನಗರವನ್ನು ಎರಡು ವಾರ ಸೂರೆ ಮಾಡಿದ್ದು ನಿಜ. ಅವರ ಹೆಸರು 1794ರಲ್ಲಿ ಫ್ರೆಂಚ್ ಪಾದ್ರಿ ಗ್ರೆಗ್ವಾರ್ ಅವರ ಬಾಯಿಂದ 'ವ್ಯಾಂಡಲಿಸಂ' ಆಗಿ ಹೊರಬಂತು. ಆದರೆ 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಸೈನಿಕರು ಅದೇ ರೋಮನ್ನು ತಿಂಗಳುಗಟ್ಟಲೆ ದೋಚಿದರಲ್ಲ, ಆ ಚಕ್ರವರ್ತಿಯ ಹೆಸರಿನಿಂದ ಯಾವ ಬೈಗುಳ ಹುಟ್ಟಿತು? ಯಾವುದೂ ಇಲ್ಲ. ಕೊಳ್ಳೆ ಒಂದೇ. ಒಬ್ಬರು ನಿಘಂಟಿನಲ್ಲಿ ಶಾಶ್ವತ ಅಪರಾಧಿಗಳಾದರು, ಇನ್ನೊಬ್ಬರು ಚರಿತ್ರೆಯಲ್ಲಿ ಚಕ್ರವರ್ತಿಯಾಗಿಯೇ ಉಳಿದರು.

'ಅಮೋಕ್' ಮಲಯ ಭಾಷೆಯ ಪದ. ಒಬ್ಬಾತ ಏಕಾಏಕಿ ಕಠಾರಿ ಹಿಡಿದು ಎದುರಿಗೆ ಸಿಕ್ಕವರನ್ನೆಲ್ಲ ಇರಿಯುವುದನ್ನು ಕಂಡ ಯುರೋಪಿಯನ್ನರು ಅದನ್ನು ಮಲಯರ ಸ್ವಭಾವವೆಂದೇ ಬರೆದರು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ಕೈಪಿಡಿಯಲ್ಲಿ ಕೂಡಾ ಅದು ಆಯಾ ಸಂಸ್ಕೃತಿಗೆ ಅಂಟಿದ ರೋಗಗಳ ಪಟ್ಟಿಯಲ್ಲಿತ್ತು. ಐದು ವರ್ಷಗಳ ಬಳಿಕ, 1999ರಲ್ಲಿ, ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಸಹಪಾಠಿಗಳನ್ನೂ ಶಿಕ್ಷಕರೊಬ್ಬರನ್ನೂ ಗುಂಡಿಟ್ಟು ಕೊಂದರು. ಅಂಥ ಹತ್ಯೆಗಳು ಅಲ್ಲಿ ಇಂದಿಗೂ ನಿಂತಿಲ್ಲ. ಅದನ್ನು ಅಮೆರಿಕನ್ನರ ಜನಾಂಗೀಯ ರೋಗವೆಂದು ಯಾರೂ ಕರೆಯಲಿಲ್ಲ. ಕರೆಯಲೂಬಾರದು. ಅದೇ ನ್ಯಾಯ ಮಲಯರಿಗೆ ಏಕೆ ಸಿಗಲಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ.

ತನ್ನವರ ವಿಷಯ ಬಂದಾಗ ಇದೇ ಇಂಗ್ಲಿಷ್ ಎಷ್ಟು ಮೃದುವಾಗುತ್ತದೆ ನೋಡಿ. ಸಿರಿವಂತರ ಮಕ್ಕಳ ಸ್ವೇಚ್ಛಾಚಾರ ಅಲ್ಲಿ 'ಕಾಡು ಓಟ್ಸ್ ಬಿತ್ತುವುದು'. ಇದಕ್ಕೆ ಸಾಕ್ಷಿ ಹುಡುಕಲು ಲಂಡನ್ನಿಗೆ ಹೋಗಬೇಕಿಲ್ಲ, ನಮ್ಮ ಶ್ರೀರಂಗಪಟ್ಟಣ ಸಾಕು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಕಂಪೆನಿಯ ಸೈನಿಕರು ರಾತ್ರಿಯಿಡೀ ಪಟ್ಟಣವನ್ನು ದೋಚಿದರು. ಕೆಲವರನ್ನು ಗಲ್ಲಿಗೇರಿಸಿಯೇ ಆರ್ಥರ್ ವೆಲ್ಲೆಸ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಅಧಿಕಾರಿಗಳು ಅರಮನೆಯ ಖಜಾನೆಯನ್ನು ಲೆಕ್ಕ ಹಾಕಿ, ಸಿಂಹಾಸನವನ್ನು ತುಂಡು ತುಂಡಾಗಿಸಿ ಹಂಚಿಕೊಂಡದ್ದು ಲೂಟಿ ಎನಿಸಲಿಲ್ಲ. ಅದಕ್ಕೆ ಅವರಿಟ್ಟ ಹೆಸರು 'ಪ್ರೈಜ್', ಅಂದರೆ ಬಹುಮಾನ! 'ಲೂಟ್' ಎಂಬ ಪದವನ್ನೂ ಅವರು ನಮ್ಮ ನಾಡಿನಿಂದಲೇ ಒಯ್ದಿದ್ದರು. ಬಳಸಬೇಕಾದ ಕಡೆ ಮಾತ್ರ ಬಳಸಲಿಲ್ಲ.

ಇಂದು ಹೂಲಿಗನ್ ಎನ್ನುವವರಿಗೆ ಅದು ಐರಿಷ್ ಮನೆತನದ ಹೆಸರೆಂಬ ನೆನಪಿರುವುದಿಲ್ಲ, ಹಳೆಯ ಪದಗಳನ್ನು ಕೆದಕಿ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಒಪ್ಪೋಣ. ಆದರೆ ಪದ ಹಳೆಯದಾದರೂ ಅದನ್ನು ಹುಟ್ಟಿಸಿದ ಚಾಳಿ ಹಳೆಯದಾಗಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಹೊಡೆದು ಅಟ್ಟಿದ್ದನ್ನು ದೇಶವೇ ಟಿವಿಯಲ್ಲಿ ಕಂಡಿತು. ಅದಕ್ಕೆ ಸಿಕ್ಕ ಹೆಸರು 'ಮಾರಲ್ ಪೊಲೀಸಿಂಗ್'. ನಾವು ಅದನ್ನು 'ನೈತಿಕ ಪೊಲೀಸ್‌ಗಿರಿ' ಎಂದು ಕನ್ನಡಕ್ಕೆ ತಂದೆವು. ಹೆಣ್ಣುಮಕ್ಕಳ ಮೇಲೆ ಕೈ ಮಾಡುವುದರಲ್ಲಿ ನೀತಿ ಎಲ್ಲಿದೆ? ಅವರಿಗೆ ಪೊಲೀಸರ ಅಧಿಕಾರ ಕೊಟ್ಟವರು ಯಾರು? ಕೆಲವು ಪತ್ರಿಕೆಗಳು 'ಅನೈತಿಕ' ಎಂದು ತಿದ್ದಿದವು. ಆದರೂ 'ಪೊಲೀಸ್' ಹಾಗೆಯೇ ಉಳಿಯಿತು. ತಮ್ಮ ಸಮುದಾಯದ ಹುಡುಗಿ ಅನ್ಯಧರ್ಮೀಯನೊಂದಿಗೆ ಮಾತನಾಡಿದಳೆಂದು ಅಡ್ಡಗಟ್ಟುವ ಮುಸ್ಲಿಂ ಯುವಕರಿಗೂ ಈ ಗೌರವ ಸಲ್ಲಬಾರದು. ಇಬ್ಬರದೂ ಗೂಂಡಾಗಿರಿಯೇ.

ಕನ್ನಡವೇನೂ ಪೂರ್ತಿ ನಿರಪರಾಧಿಯಲ್ಲ. ತುಳಿತಕ್ಕೊಳಗಾದ ಜಾತಿಗಳ ಹೆಸರನ್ನೇ ಬೈಗುಳವಾಗಿಸಿಕೊಂಡ ನಾಲಗೆ ನಮ್ಮಲ್ಲೂ ಇದೆ. ಮುಸ್ಲಿಮರ ಮನೆಗಳೂ ಇದಕ್ಕೆ ಹೊರತಲ್ಲ. ತನ್ನ ಸಮುದಾಯದ ಹೆಸರು ಬೈಗುಳವಾದಾಗ ನೋಯುವವನು, ಇನ್ನೊಬ್ಬರ ಕುಲದ ಹೆಸರು ಹಿಡಿದು ಮಗನನ್ನು ಗದರಿಸುವಾಗ ಆ ನೋವನ್ನು ನೆನೆಯುವುದಿಲ್ಲ.

ಆದುದರಿಂದ ಬರೆಯುವವರಲ್ಲಿಯೂ ಮಾತನಾಡುವವರಲ್ಲಿಯೂ ನಮ್ಮ ಕೋರಿಕೆ ಇಷ್ಟೇ. ಕೃತ್ಯವನ್ನು ಕೃತ್ಯದ ಹೆಸರಿನಿಂದಲೇ ಕರೆಯೋಣ. ಕೊಲೆಯನ್ನು ಕೊಲೆ ಎನ್ನೋಣ, ಲೂಟಿಯನ್ನು ಲೂಟಿ ಎನ್ನೋಣ, ಮಾಡಿದವರು ಯಾರೇ ಆಗಿರಲಿ. ಕ್ರೌರ್ಯಕ್ಕೆ ಕುಲವಿಲ್ಲ. ಲಗಾಮು ತಪ್ಪಿದ ಕೈಗಳನ್ನು ಹಿಡಿದು ನಿಲ್ಲಿಸಬೇಕಾದ ನಾವು, ಮೊದಲು ನಮ್ಮ ನಾಲಗೆಗೆ ಲಗಾಮು ಹಾಕಿಕೊಳ್ಳೋಣ.