ಲಾರಿ ಡ್ರೈವರ್‌ಗೆ ವಯಸ್ಸಾದರೆ ಸಾಕೇ, ಭಾಷೆ ಬೇಡವೇ?



ನಾನಿರುವ ಅಮೆರಿಕದಲ್ಲಿ ದೊಡ್ಡ ಲಾರಿಯಲ್ಲಿ ಸರಕು ಹೇರಿಕೊಂಡು ರಾಜ್ಯದ ಗಡಿ ದಾಟಬೇಕಾದರೆ ಡ್ರೈವರ್‌ಗೆ 21 ವರ್ಷ ತುಂಬಿರಬೇಕು. ತನ್ನ ರಾಜ್ಯದೊಳಗೇ ಓಡಿಸುವುದಾದರೆ ಬಹುತೇಕ ಕಡೆ 18 ಸಾಕು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಕಾರಿಗೆ 18, ಲಾರಿ-ಬಸ್ಸಿಗೆ 20. ಅದೂ ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆದ ಮೇಲೆ. ಈ ಲೆಕ್ಕದಲ್ಲಿ ನನ್ನ ತಕರಾರೇನೂ ಇಲ್ಲ.

ಮೊದಲು ನಮ್ಮಲ್ಲಿ ಲಾರಿ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು! ಕ್ಲೀನರ್ ಆಗಿ ಸೇರಿ ವರ್ಷಗಟ್ಟಲೆ ದುಡಿದು ಗಾಡಿಯ ಒಳಹೊರಗು ತಿಳಿದವನ ಅನ್ನವನ್ನು ಒಂದು ಮಾರ್ಕ್ಸ್ ಕಾರ್ಡ್ ಕಿತ್ತುಕೊಳ್ಳಬಾರದು. ಆದರೆ ಮಾರ್ಕ್ಸ್ ಕಾರ್ಡ್ ಹೋದ ಜಾಗಕ್ಕೆ ಗಟ್ಟಿ ತರಬೇತಿ ಬರಬೇಕಲ್ಲವೇ? ಅಮೆರಿಕದಲ್ಲಿ 2022ರ ಫೆಬ್ರವರಿಯಿಂದ, ನೋಂದಾಯಿತ ಸಂಸ್ಥೆಯಲ್ಲಿ ತರಬೇತಿ ಮುಗಿಸದ ಹೊಸಬರು ಲಾರಿ ಓಡಿಸುವ ಪರೀಕ್ಷೆಗೇ ಕೂರುವಂತಿಲ್ಲ.

ಆ ತರಬೇತಿ ಯಾವ ಭಾಷೆಯಲ್ಲಿರಬೇಕು? ನನ್ನ ಪ್ರಶ್ನೆ ಇದೇ.

ಗ್ಯಾಸ್, ಆಸಿಡ್‌ನಂಥ ಅಪಾಯದ ಸರಕು ಸಾಗಿಸುವವರಿಗೆ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬೇರೆಯೇ ಷರತ್ತಿದೆ. ಪ್ರತ್ಯೇಕ ತರಬೇತಿ ಪಡೆದಿರಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯ ಜೊತೆಗೆ ಇಂಗ್ಲಿಷ್ ಕೂಡ ಓದಿ ಬರೆಯಲು ಬರಬೇಕು. ಸರಕಿನ ಅಪಾಯದ ವಿವರವಿರುವ ಕಾಗದ ಸದಾ ಕ್ಯಾಬಿನ್‌ನಲ್ಲಿರಬೇಕು. ಸರಿ, ಆದರೆ ಟ್ಯಾಂಕರ್ ಸೋರಲು ಶುರುವಾದ ಗಳಿಗೆಯಲ್ಲಿ ಆ ಕಾಗದವನ್ನು ಡ್ರೈವರ್ ತನಗೆ ಅರೆಬರೆ ಬರುವ ಭಾಷೆಯಲ್ಲಿ ತಡವರಿಸಿ ಓದಬೇಕೇ? 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ, ರಸ್ತೆ ಬದಿಯ ಮನೆಗಳಲ್ಲಿದ್ದವರೂ ಸುಟ್ಟು ಸತ್ತರು. ಅಂಥ ಹೊತ್ತಿನಲ್ಲಿ ಡ್ರೈವರ್‌ಗಷ್ಟೇ ಅಲ್ಲ, ಸಹಾಯಕ್ಕೆ ಓಡಿಬರುವ ಊರಿನವರಿಗೂ ಎಚ್ಚರಿಕೆ ಒಂದೇ ನೋಟಕ್ಕೆ ತಿಳಿಯಬೇಕು.

"ಅಮೆರಿಕದಲ್ಲೂ ಡ್ರೈವರ್‌ಗೆ ಇಂಗ್ಲಿಷ್ ಕಡ್ಡಾಯ ತಾನೇ?" ಎಂದು ನಮ್ಮಲ್ಲೇ ಕೆಲವರು ಕೇಳಬಹುದು. ಹೌದು. 2025ರ ಜೂನ್‌ನಿಂದ ಇದನ್ನು ಬಿಗಿ ಮಾಡಿ, ಇಂಗ್ಲಿಷ್ ಬಾರದ ಡ್ರೈವರ್‌ಗಳನ್ನು ತಪಾಸಣೆಯಲ್ಲೇ ಕೆಲಸದಿಂದ ಕೆಳಗಿಳಿಸುತ್ತಿದ್ದಾರೆ. ಆದರೆ ಅದಕ್ಕೆ ಅವರು ಕೊಡುವ ಕಾರಣ ಗಮನಿಸಿ: ರಸ್ತೆಯ ಫಲಕ ಓದಬೇಕು, ಜನರೊಡನೆ ಮತ್ತು ಅಧಿಕಾರಿಗಳೊಡನೆ ಮಾತಾಡಬೇಕು. ಅಂದರೆ, ರಸ್ತೆ ಯಾವ ಜನರ ನಡುವೆ ಹಾದುಹೋಗುತ್ತದೋ ಆ ಜನರ ಭಾಷೆ. ಇದೇ ತರ್ಕವನ್ನು ಶಿರಾಡಿ ಘಾಟಿಗೆ ತಂದರೆ ಬರುವ ಉತ್ತರ ಕನ್ನಡ!

ನಮ್ಮ ಲಾರಿಗಳು ಗುಜರಾತಿಗೂ ಹೋಗುತ್ತವೆ, ಅಲ್ಲಿನವೂ ಇಲ್ಲಿಗೆ ಬರುತ್ತವೆ, ನಿಜ. ಅದಕ್ಕೇ ದೇಶಕ್ಕೆಲ್ಲ ಒಂದೇ ಬಗೆಯ ಚಿತ್ರಸಂಕೇತಗಳಿವೆ. ಆ ಸಂಕೇತದ ಅರ್ಥವನ್ನು ಕನ್ನಡದ ಹುಡುಗನಿಗೆ ಕನ್ನಡದಲ್ಲೇ ಕಲಿಸಿದರೆ ಅವನು ಸೂರತ್ತಿನಲ್ಲೂ ಸರಿಯಾಗಿಯೇ ಓಡಿಸುತ್ತಾನೆ. ಇಂಗ್ಲಿಷ್ ಜೊತೆಗಿರಲಿ, ಕನ್ನಡದ ಜಾಗದಲ್ಲಿ ಬೇಡ.

ಆದ್ದರಿಂದ ಕರ್ನಾಟಕದ ಸಾರಿಗೆ ಇಲಾಖೆಯನ್ನು ನಾವು ಕೇಳಬೇಕಾದ್ದು ಇಷ್ಟು: ಭಾರಿ ವಾಹನದ ತರಬೇತಿ, ಅದರ ಪಠ್ಯ, ಅಪಾಯದ ಸರಕಿನ ಸೂಚನಾ ಕಾಗದ, ಮೂರೂ ಒಳ್ಳೆಯ ಕನ್ನಡದಲ್ಲಿ ಸಿಗಲಿ. ನಮ್ಮಲ್ಲಿ ಕೆಮಿಕಲ್ ಎಂಜಿನಿಯರ್‌ಗಳಿದ್ದೀರಿ, ಸುರಕ್ಷತೆಯ ವಿಷಯದಲ್ಲಿ ಪಳಗಿದವರಿದ್ದೀರಿ. ಆ ಕಾಗದದ ಕರಡು ಬರೆಯಲು ಒಂದೆರಡು ಶನಿವಾರ ಕೊಡಲಾರೆವೇ?

ಏನಂತೀರಿ? ಬನ್ನಿ, ಕೈಜೋಡಿಸಿ.

ಸಿರಿಗನ್ನಡಂ ಗೆಲ್ಗೆ!