ಮೊದಲು ಪಂಪ್ ಬಿಚ್ಚುವವರು

"ಅಕ್ಕಾ, ಪಂಪ್ ಹೋಗಿದೆ." ಹಳೆಯ ಡೀಸೆಲ್ ಯಂತ್ರ ಇಟ್ಟುಕೊಂಡ ಮನೆಗಳಲ್ಲಿ ಈ ಮಾತು ಕೇಳಿ ಎಷ್ಟು ಹೆಂಗಸರ ಬಳೆಗಳು ಗಿರವಿ ಅಂಗಡಿ ಸೇರಿವೆಯೋ! ನನ್ನವು ಸೇರಿದ್ದು 2009ರ ಬೇಸಿಗೆಯಲ್ಲಿ.

ನಮ್ಮ ಮನೆಯವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ ಮಣ್ಣು ಅಗೆಯುವ ಯಂತ್ರ ಅದು. ಮುಂದೆ ಬಕೆಟ್ಟು, ಹಿಂದೆ ಸೊಂಡಿಲು. ಯಾವ ಕಂಪನಿಯದಾದರೂ ಊರವರ ಬಾಯಲ್ಲಿ ಜೇಸೀಬಿ. ಕೆರೆ ಹೂಳೆತ್ತುವ ಕೆಲಸ ಸಿಗುವುದೇ ಬೇಸಿಗೆಯ ಎರಡು ಮೂರು ತಿಂಗಳು. ಸರಿಯಾಗಿ ಆಗಲೇ ಅದಕ್ಕೆ ಕಾಯಿಲೆ ಹಿಡಿಯಿತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಮುಕ್ಕಾಲು ಗಂಟೆ ಚೆನ್ನಾಗಿ ದುಡಿದು, ಆಮೇಲೆ ದಮ್ಮು ಕಟ್ಟಿದವರಂತೆ ಎಳೆದೆಳೆದು ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ.

ಮೆಕ್ಯಾನಿಕ್ ಬಂದ. ಟ್ಯಾಂಕ್ ನೋಡಲಿಲ್ಲ, ಫಿಲ್ಟರ್ ಮುಟ್ಟಲಿಲ್ಲ. "ಬಿಸಿಯಾದಾಗ ನಿಲ್ಲುತ್ತದೆ ಅಂದರೆ ಪಂಪೇ" ಎಂದು ತೀರ್ಪು ಕೊಟ್ಟು, ಪಂಪ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಪೇಟೆಗೆ ಒಯ್ದ. ಎಲಿಮೆಂಟು, ಡೆಲಿವರಿ ವಾಲ್ವು, ಕ್ಯಾಲಿಬ್ರೇಶನ್ನು ಎಂದು ಬಿಲ್ಲು ಬೆಳೆಯಿತು. ಹದಿನೇಳು ದಿನ ಯಂತ್ರ ಕೆರೆಯಂಗಳದಲ್ಲಿ ಅನಾಥವಾಗಿ ನಿಂತಿತ್ತು. ಪಂಪ್ ವಾಪಸು ಬಂತು, ಕೂರಿಸಿದರು. ಮುಕ್ಕಾಲು ಗಂಟೆ ಓಡಿ ನಿಂತಿತು. "ಹಾಗಾದರೆ ನಾಜಲ್ ಇರಬೇಕು" ಎಂದ ಪುಣ್ಯಾತ್ಮ!

ಆಮೇಲೆ ಬಂದವರು ಚಾಚಾ. ಜೀವಮಾನವೆಲ್ಲ ಡೋಜರ್ ಓಡಿಸಿದವರು. ಕೈಯಲ್ಲಿ ಸ್ಪ್ಯಾನರ್ ಕೂಡ ಇರಲಿಲ್ಲ. ಯಂತ್ರ ನಿಂತ ಕೂಡಲೇ ಟ್ಯಾಂಕಿನ ಹತ್ತಿರ ಹೋದರು. ಅದರ ಮುಚ್ಚಳ ಕಳೆದುಹೋಗಿ, ಧೂಳು ಬೀಳದಿರಲೆಂದು ನಮ್ಮ ಕ್ಲೀನರ್ ಹುಡುಗ ಪ್ಲಾಸ್ಟಿಕ್ ಕವರು ಹೊದಿಸಿ ಟ್ಯೂಬಿನ ರಬ್ಬರಿನಿಂದ ಬಿಗಿದಿದ್ದ. ಆ ಕವರು ಒಳಕ್ಕೆ ಎಳೆದುಕೊಂಡು ಬಟ್ಟಲಿನಂತಾಗಿತ್ತು. ಚಾಚಾ ರಬ್ಬರು ಬಿಚ್ಚಿದರು. ಬುಸ್ ಎಂದು ಗಾಳಿ ಒಳಗೆ ನುಗ್ಗಿತು. ಅಂದು ಸಂಜೆಯವರೆಗೆ ಯಂತ್ರ ನಿಲ್ಲಲಿಲ್ಲ. ಡೀಸೆಲ್ ಖರ್ಚಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕಲ್ಲ. ಮುಚ್ಚಳದಲ್ಲಿ ಗಾಳಿಕಿಂಡಿ ಇರುವುದೇ ಅದಕ್ಕೆ.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಹೆಚ್ಚು ಬೆಲೆಯ ಭಾಗದಿಂದಲೇ ಹುಡುಕಾಟ ಶುರುಮಾಡುವ ಪದ್ಧತಿಯ ಮೇಲೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಮೊದಲು ಮೇಲಿನ ಟ್ಯಾಂಕಿನಲ್ಲಿ ನೀರಿದೆಯೇ ನೋಡುತ್ತೇವೆ, ನಲ್ಲಿ ಕಿತ್ತೆಸೆಯುತ್ತೇವೆಯೇ? ಡೀಸೆಲ್ಲಿನ ದಾರಿಯೂ ಹಾಗೆಯೇ: ಟ್ಯಾಂಕು, ಜಾಲರಿ, ಫೀಡ್ ಪಂಪ್, ಫಿಲ್ಟರ್, ಆಮೇಲೆ ದೊಡ್ಡ ಪಂಪ್, ಕೊನೆಗೆ ನಾಜಲ್. ಸ್ಟಾರ್ಟ್ ಮಾಡುವಾಗ ಕೊಳವೆಯಲ್ಲಿ ಹೊಗೆಯೇ ಬರದಿದ್ದರೆ ಡೀಸೆಲ್ ಒಳಗೆ ತಲುಪಿಲ್ಲವೆಂದರ್ಥ. ಬಿಳಿ ಹೊಗೆ ಬಂದರೆ ತಲುಪಿದೆ, ಉರಿಯುತ್ತಿಲ್ಲ. ಇಷ್ಟು ನೋಡಲು ಕಾಸು ಖರ್ಚಿಲ್ಲ.

ಗಾಳಿ ಸೇರುವುದು ಇನ್ನೊಂದು ಮಾಯೆ. ಎಳನೀರಿನ ಕೊಳವೆ ಸೀಳಿದ್ದರೆ ನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪೂ ಹಾಗೆಯೇ. ಎಲ್ಲೂ ಒದ್ದೆ ಕಾಣಲಿಲ್ಲವೆಂದು ಅದನ್ನು ನಂಬಬೇಡಿ. ಚಾಚಾ ಹೇಳಿಕೊಟ್ಟ ಪರೀಕ್ಷೆ ಇದು: ಶುಭ್ರವಾದ ಕ್ಯಾನಿನಲ್ಲಿ ಐದು ಲೀಟರ್ ಡೀಸೆಲ್ ತುಂಬಿ ಎಂಜಿನ್‌ಗಿಂತ ಎತ್ತರದಲ್ಲಿಟ್ಟು, ಹಳೆಯ ಪೈಪು ಕಳಚಿ ಅದರಿಂದಲೇ ಫೀಡ್ ಪಂಪಿಗೆ ಡೀಸೆಲ್ ಕೊಡುವುದು. ಗಾಳಿ ತೆಗೆದ ಮೇಲೆ ಯಂತ್ರ ಲೋಡಿನಲ್ಲೂ ಚೆನ್ನಾಗಿ ಓಡಿದರೆ ದೊಡ್ಡ ಪಂಪ್ ನಿರಪರಾಧಿ. (ನಾಜಲ್‌ಗೆ ಹೋಗುವ ಉಕ್ಕಿನ ಪೈಪುಗಳ ಬಳಿ ಮಾತ್ರ ಕೈ ಒಯ್ಯಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋಗುತ್ತದೆ.)

ಪಂಪ್ ಸವೆಯುವುದೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಸವೆಯುತ್ತದೆ, ಸವೆದ ಪಂಪು ಬಿಸಿಯಲ್ಲಿ ಹಠ ಹಿಡಿಯುವುದೂ ನಿಜ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಆದರೂ, ನಮ್ಮ ಕಡೆಯ ಗ್ಯಾರೇಜುಗಳ ಬಾಯಲ್ಲಿ ಅದು ಮೈಕೋ ಪಂಪೇ. ಅದರೊಳಗಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದು. ಅಂಥದ್ದನ್ನು ಮಣ್ಣಿನ ಮೇಲೆ ಬಿಚ್ಚಿ ಗೋಣಿಚೀಲದಲ್ಲಿ ಸುತ್ತುವವನು ಇಲ್ಲದ ರೋಗವನ್ನೂ ತಂದಿಡುತ್ತಾನೆ.

"ಹೆಂಗಸರಿಗೆ ಎಂಜಿನ್ ವಿಷಯ ಯಾಕೆ?" ಎಂದು ಕೇಳುವವರಿದ್ದಾರೆ. ಸೊಸೈಟಿ ಸಾಲದ ಪತ್ರಕ್ಕೆ ಜಾಮೀನು ಸಹಿ ಬೇಕಾದಾಗ ಇವರಲ್ಲಿ ಒಬ್ಬರೂ ಹಾಗೆ ಕೇಳಲಿಲ್ಲ. ಬಳೆ ಬಿಚ್ಚಿ ಕೊಟ್ಟಾಗಲೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಯಂತ್ರ ಮತ್ತೆ ನಿಂತಿತು. ಬೇರೆ ಮೆಕ್ಯಾನಿಕ್, ಅದೇ ಮಾತು. ನಾನು ಕ್ಯಾನು ತಂದಿಟ್ಟೆ. "ಹಾಗಾದರೆ ನೀವೇ ರಿಪೇರಿ ಮಾಡಿಕೊಳ್ಳಿ ಅಕ್ಕಾ" ಎಂದು ಮುಖ ಊದಿಸಿಕೊಂಡು ಸ್ಪ್ಯಾನರ್ ಕೆಳಗಿಟ್ಟ. ಚಹಾ ಮಾಡಿ ಕೊಟ್ಟೆ. ಕುಡಿದ, ಪೈಪು ಕಳಚಿದ.